ಮೆಂಥಾಲ್ ಹರಳು ಬಿಡಿಸೋಣ: ದಾವಣಗೆರೆ-ಹರಿಹರದ ಹವ್ಯಾಸಿಗಳಿಗೆ ಮೊದಲ ಪಾಠ

ಮಾರುಕಟ್ಟೆಯಿಂದ ನಾಲ್ಕು ಕಟ್ಟು ಪುದೀನ ತಂದು, ಕುಕ್ಕರಿಗೆ ನಳಿಗೆ ಸಿಕ್ಕಿಸಿ ಭಟ್ಟಿ ಇಳಿಸಿದರೆ ಮೆಂಥಾಲ್ ಬರುತ್ತದೆ ಎಂದುಕೊಂಡಿದ್ದರೆ ಆ ಯೋಚನೆ ಬಿಡಿ. ಚಟ್ನಿಗೆ, ಪಲಾವಿಗೆ ಹಾಕುವ ನಮ್ಮ ಪುದೀನದ ಘಮ ಮುಖ್ಯವಾಗಿ ಕಾರ್ವೋನ್ ಎಂಬ ಬೇರೆಯೇ ವಸ್ತುವಿನದು. ಅದರಲ್ಲಿ ಮೆಂಥಾಲ್ ತೀರಾ ಕಡಿಮೆ. ಜೊತೆಗೆ, ಎಲೆ ಸಿಕ್ಕಿಕೊಂಡು ನಳಿಗೆ ಕಟ್ಟಿದರೆ ಕುಕ್ಕರ್ ಸಿಡಿಯಬಹುದು.

ಮೆಂಥಾಲ್ ಕೊಡುವುದು ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್ ಕಡೆ ಬೆಳೆಯುವ ಜಪಾನಿ ಪುದೀನ, ಅಂದರೆ ಮೆಂಥಾ ಆರ್ವೆನ್ಸಿಸ್. ಅದರ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಮೆಂಥಾಲೇ ಇರುತ್ತದೆ. ಆದರೆ ನೂರು ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಎಣ್ಣೆಯೂ ಇಳಿಯದು. ಹಾಗಾಗಿ ನಾವು ಎಣ್ಣೆಯಿಂದಲೇ ಶುರು ಮಾಡೋಣ.

ಹಂತ 1: ಸಾಮಾನು. 25 ಮಿ.ಲೀ. ಮೆಂಥಾ ಎಣ್ಣೆ ತರಿಸಿ. ಚೀಟಿಯ ಮೇಲೆ ‘ಡಿಮೆಂಥಲೈಸ್ಡ್’ ಎಂದಿದ್ದರೆ ಬೇಡ, ಅದರ ಮೆಂಥಾಲನ್ನು ಆಗಲೇ ತೆಗೆದಿರುತ್ತಾರೆ. ಮಂಡಿಪೇಟೆ, ಚೌಕಿಪೇಟೆ ಕಡೆ ಹೋದಾಗ ಗ್ರಂಥಿಗೆ ಅಂಗಡಿ ಹುಡುಕಿ ಮೆಂಥಾಲ್ ಹರಳು, ಓಂಕಾಳಿನ ಸತ್ವ, ಕರ್ಪೂರ ಹತ್ತತ್ತು ಗ್ರಾಂ ಕೇಳಿ. ಗಾಜಿನ ಸೀಸೆ, ಪ್ರನಾಳ, ಥರ್ಮಾಮೀಟರ್, ಕನ್ನಡಕ ಬೇಕು. ಕಿಟಕಿ ತೆರೆದಿರಲಿ. ಹಸುಗೂಸುಗಳನ್ನು ದೂರವಿಡಿ: ಮೂಗಿನ ಬಳಿ ಮೆಂಥಾಲ್ ಹಿಡಿದರೆ ಅವುಗಳ ಉಸಿರೇ ಕಟ್ಟಬಹುದು.

ಹಂತ 2: ಹರಳು ಬಿಡಿಸುವುದು. ಎಣ್ಣೆಯನ್ನು ಗಾಜಿನ ಸೀಸೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಇನ್ನೊಂದು ಡಬ್ಬಿಯೊಳಗಿಟ್ಟು ಫ್ರಿಜ್ಜಿನಲ್ಲಿಡಿ. ಹೀಗೆ ಎರಡು ಮುಚ್ಚಳ ಇಲ್ಲದಿದ್ದರೆ ದೋಸೆಗೆಂದು ಇಟ್ಟ ಬೆಣ್ಣೆಗೆಲ್ಲ ಘಾಟು ಹತ್ತುತ್ತದೆ. ಎಣ್ಣೆ ತಣ್ಣಗಾದ ಮೇಲೆ ಒಂದು ಸಣ್ಣ ಮೆಂಥಾಲ್ ಹರಳನ್ನು ಬೀಜದಂತೆ ಹಾಕಿ ಅಲುಗಾಡಿಸದೆ ಬಿಡಿ. ಬೀಜದಿಂದ ಬಣ್ಣವಿಲ್ಲದ ಸೂಜಿಗಳು ಹೊರಟು ಸೀಸೆ ತುಂಬಾ ಚಾಚುತ್ತವೆ. ಆತುರಪಟ್ಟು ಫ್ರೀಜರಿಗೆ ಹಾಕಿದರೆ ಹರಳು ಪುಡಿಪುಡಿಯಾಗಿ, ನಡುನಡುವೆ ಎಣ್ಣೆ ಉಳಿಯುತ್ತದೆ. ನಿಧಾನಕ್ಕೆ ಬೆಳೆದ ಹರಳೇ ಶುದ್ಧ. ಉಳಿದ ಎಣ್ಣೆ ಬಸಿದು, ಹರಳನ್ನು ಸೋಸುಕಾಗದದ ಮೇಲೆ ಒತ್ತಿ ಒಣಗಿಸಿ. ಕಾರ್ಖಾನೆಗಳೂ ಹೀಗೆಯೇ ತಣಿಸಿ ತೆಗೆಯುತ್ತವೆ, ದೊಡ್ಡ ಪ್ರಮಾಣದಲ್ಲಿ ಅಷ್ಟೆ.

ಹಂತ 3: ಶುದ್ಧತೆಯ ಪರೀಕ್ಷೆ. ಪ್ರನಾಳಕ್ಕೆ ಹರಳು, ಥರ್ಮಾಮೀಟರ್ ಹಾಕಿ ಬಿಸಿನೀರಿನ ಲೋಟದಲ್ಲಿ ಮೆಲ್ಲಗೆ ಕಾಯಿಸಿ. ಶುದ್ಧ ಮೆಂಥಾಲ್ 42-43 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದಕ್ಕೂ ಕೆಳಗೇ ಮೆತ್ತಗಾದರೆ ಎಣ್ಣೆ ಉಳಿದಿದೆ, ಕಾಗದದಲ್ಲಿ ಇನ್ನೊಮ್ಮೆ ಒತ್ತಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಸೀಸೆ ಇಟ್ಟರೂ ಹರಳು ನೀರಾದೀತು.

ಹಂತ 4: ಎರಡು ಪುಡಿ, ಒಂದು ದ್ರವ. ನನಗೆ ಅತಿ ಮೆಚ್ಚಿನ ಪ್ರಯೋಗ ಇದು. ಎರಡು ಗ್ರಾಂ ಮೆಂಥಾಲ್, ಅಷ್ಟೇ ಕರ್ಪೂರ ಖಲ್ಲಿಗೆ ಹಾಕಿ ಅರೆಯಿರಿ. ಒಣ ಪುಡಿ ಮೊದಲು ಅಂಟಾಗಿ, ಆಮೇಲೆ ಒದ್ದೆಯಾಗಿ, ಕೊನೆಗೆ ಪೂರ್ತಿ ದ್ರವವಾಗುತ್ತದೆ. ಒಂದು ಹನಿ ನೀರೂ ಬಿದ್ದಿಲ್ಲ. ಕರ್ಪೂರ ಒಂದೇ ಇದ್ದರೆ ಕರಗಲು 175 ಡಿಗ್ರಿಗಿಂತ ಹೆಚ್ಚು ಬೇಕು. ಎರಡೂ ಬೆರೆತಾಗ ಒಂದರ ಅಣು ಇನ್ನೊಂದರ ಜೋಡಣೆಯನ್ನು ಕೆಡಿಸುವುದರಿಂದ ಕರಗುವ ಬಿಂದು ಕೋಣೆಯ ಉಷ್ಣತೆಗಿಂತಲೂ ಕೆಳಗಿಳಿಯುತ್ತದೆ. ಓಂಕಾಳಿನ ಸತ್ವವನ್ನೂ ಸೇರಿಸಿದರೆ ಅಜ್ಜಿಯರ ಅಮೃತಧಾರೆ. ಕರ್ಪೂರ ಹೊಟ್ಟೆಗೆ ಹೋದರೆ ವಿಷ, ನಾವು ಮಾಡಿದ್ದನ್ನು ಕುಡಿಯುವಂತಿಲ್ಲ.

ಹಂತ 5: ತಂಪು ನಿಜವೇ? 100 ಮಿ.ಲೀ. ಕೊಬ್ಬರಿ ಎಣ್ಣೆಗೆ ಒಂದು ಗ್ರಾಂ ಮೆಂಥಾಲ್ ಕರಗಿಸಿ ಒಂದು ಹನಿ ಮುಂಗೈಗೆ ಹಚ್ಚಿ. ಚರ್ಮ ತಣ್ಣಗೆನ್ನುತ್ತದೆ. ಅದೇ ಎಣ್ಣೆಗೆ ಥರ್ಮಾಮೀಟರ್ ಅದ್ದಿ, ಪಾದರಸ ಇಳಿಯುವುದಿಲ್ಲ. ನರದ ತುದಿಯಲ್ಲಿ ಚಳಿಯನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಬಾಗಿಲನ್ನು ಮೆಂಥಾಲ್ ತಾನೇ ತೆರೆಯುತ್ತದೆ. 2002ರಲ್ಲಿ ಇದನ್ನು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. 2021ರ ನೊಬೆಲ್ ಇಬ್ಬರಿಗೂ ಬಂತು. ನಮ್ಮ ಮಂಡಕ್ಕಿ-ಮಿರ್ಚಿ ನಾಲಗೆ ಸುಡುವುದೂ ಇಂಥದೇ ಇನ್ನೊಂದು ಬಾಗಿಲಿನಿಂದ. ಅದನ್ನು ಜೂಲಿಯಸ್ 1997ರಲ್ಲೇ ಗುರುತಿಸಿದ್ದರು.

ಹಂತ 6: ಉಳಿದದ್ದು. ಮಿಕ್ಕ ಎಣ್ಣೆಯನ್ನು ಚರಂಡಿಗಾಗಲಿ ಹೊಳೆಗಾಗಲಿ ಚೆಲ್ಲಬೇಡಿ. 1980ರ ದಶಕದಲ್ಲಿ ಕಾರ್ಖಾನೆ ನೀರಿನಿಂದ ತುಂಗಭದ್ರೆ ಕೆಟ್ಟಾಗ ಹರಿಹರದ ಸುತ್ತಲಿನ ಹೊಳೆದಂಡೆಯ ಜನ ಹೋರಾಡಿದ್ದಾರೆ. ಎಣ್ಣೆಯನ್ನು ಸೀಸೆಯಲ್ಲೇ ಮುಚ್ಚಿ ಮುಂದಿನ ಪ್ರಯೋಗಕ್ಕೆ ಇಟ್ಟುಕೊಳ್ಳಿ. ಹರಳಿನ ಸೀಸೆಗೆ ಹೆಸರು, ತಾರೀಕು, ‘ತಿನ್ನಬಾರದು’ ಎಂದು ಬರೆದು ಒಲೆಯಿಂದ ದೂರ, ಮಕ್ಕಳ ಕೈಗೆಟುಕದ ಕಪಾಟಿನಲ್ಲಿಡಿ.