ಕೂಸಿನ ನಿದ್ದೆ: ಹಗಲು ಬೆಳಕು, ರಾತ್ರಿ ಕತ್ತಲು

ಕಬ್ಬಿನ ಹಂಗಾಮಿನಲ್ಲಿ ನಿಪ್ಪಾಣಿ ಸೀಮೆಯ ಬೇಡಕಿಹಾಳದ ಸುತ್ತಮುತ್ತ ಟ್ರ್ಯಾಕ್ಟರ್‌ಗಳ ಸದ್ದು ರಾತ್ರಿಯೂ ಇರುತ್ತದೆ. ತಿಂಗಳ ಕೂಸು ಎದ್ದು ಅತ್ತರೆ ಮನೆಯವರು ಆ ಸದ್ದನ್ನೇ ದೂರುತ್ತಾರೆ. ಆದರೆ ಸದ್ದಿಲ್ಲದ ಮನೆಯಲ್ಲೂ ಕೂಸು ಏಳುತ್ತದೆ.

ಮೊದಲ 3 ತಿಂಗಳು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಆ ನಿದ್ದೆ ಬರುವುದು ತುಂಡುತುಂಡಾಗಿ. ಹೊಟ್ಟೆ ಚಿಕ್ಕದು, ಬೇಗ ಹಸಿಯುತ್ತದೆ. ಹಗಲು-ರಾತ್ರಿ ಗುರುತಿಸುವ ದೇಹದ ಲಯವೂ ಇನ್ನೂ ಮೂಡಿರುವುದಿಲ್ಲ. ಎರಡರಿಂದ ನಾಲ್ಕು ತಿಂಗಳೊಳಗೆ ಅದು ನೆಲೆಗೊಳ್ಳತೊಡಗುತ್ತದೆ. ಹಗಲು ಬೆಳಕಿನಲ್ಲಿ ಆಡಿಸಿ, ರಾತ್ರಿ ಮಂದ ದೀಪದಲ್ಲಿ ಹೆಚ್ಚು ಮಾತಿಲ್ಲದೆ ಹಾಲುಣಿಸಿ. ಎಣ್ಣೆ-ನೀರು, ಹಾಲು, ಜೋಗುಳ ದಿನವೂ ಒಂದೇ ಕ್ರಮದಲ್ಲಿರಲಿ.

ಮಲಗಿಸುವುದು ಅಂಗಾತವಾಗಿಯೇ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ಬೇಡ, ಮೆತ್ತನೆಯ ರಜಾಯಿಯೂ ಬೇಡ. ಅಮೆರಿಕದಲ್ಲಿ 1994ರಲ್ಲಿ ಈ ಅಂಗಾತ ನಿದ್ದೆಯ ಪ್ರಚಾರ ಶುರುವಾದ ಮೇಲೆ, ನಿದ್ದೆಯಲ್ಲೇ ಸಂಭವಿಸುವ ಹಠಾತ್ ಶಿಶುಮರಣ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು.

ನಿಪ್ಪಾಣಿ ಸೀಮೆ ತಂಬಾಕು, ಬೀಡಿಗೆ ಹೆಸರಾದದ್ದು. ಬೀಡಿಯ ಹೊಗೆ ಹಠಾತ್ ಶಿಶುಮರಣದ ಅಪಾಯವನ್ನು ಹೆಚ್ಚಿಸುತ್ತದೆ. ಕೂಸಿರುವ ಮನೆಯೊಳಗೆ ಯಾರೂ ಸೇದಬಾರದು, ಅಜ್ಜನೂ ಕೂಡ.

ಹೆರಿಗೆಯ ನಂತರ 42ನೇ ದಿನದವರೆಗೂ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ನಿದ್ದೆಯ ಸಂಶಯಗಳನ್ನು ಅವರಲ್ಲಿ ಕೇಳಬಹುದು. ಆದರೆ ಕೂಸು ಎಬ್ಬಿಸಿದರೂ ಹಾಲು ಕುಡಿಯದಿದ್ದರೆ, ಜ್ವರ ಬಂದರೆ ಅಥವಾ ಉಸಿರಾಟಕ್ಕೆ ಕಷ್ಟಪಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.