ಬಂಕಿನ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟು? ಟ್ಯೂನ್ ಮಾಡಿಸಿದ ಕಾರಿನವರಿಗೆ ಕಾನೂನು ಎಲ್ಲಿಯವರೆಗೆ ಜೊತೆಗಿದೆ

ಪೆಟ್ರೋಲ್ ಬಂಕಿನಲ್ಲಿ ಗ್ರಾಹಕರು ಹಕ್ಕಿನಿಂದ ಕೇಳಬಹುದಾದ ಪರೀಕ್ಷೆಗಳು ಮೂರಿವೆ. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬೀಳಿಸಿ, ಆರಿದ ಮೇಲೆ ಕಲೆ ಉಳಿಯುತ್ತದೆಯೇ ಎಂದು ನೋಡಬಹುದು. ಡೆನ್ಸಿಟಿ ಅಳೆಸಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆಯೊತ್ತಿದ ಐದು ಲೀಟರಿನ ಅಳತೆ ಪಾತ್ರೆಗೆ ಹಿಡಿಸಿ ಪ್ರಮಾಣ ತಾಳೆ ನೋಡಬಹುದು. ಅದರಲ್ಲಿ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಿದ್ದರೆ ತಕರಾರು ಎತ್ತಬಹುದು. ಇಲ್ಲ ಎನ್ನುವಂತಿಲ್ಲ, ದುಡ್ಡು ಕೇಳುವಂತಿಲ್ಲ. ಆದರೆ ಈ ಮೂರರಲ್ಲಿ ಒಂದಾದರೂ ನಿಮ್ಮ ಟ್ಯಾಂಕಿಗೆ ಬಿದ್ದ ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡ ಎಷ್ಟಿದೆ ಎಂದು ಹೇಳುವುದಿಲ್ಲ.

ಮಾಮೂಲಿ ಕಾರಿನವರಿಗೆ ಇದು ತಲೆಬಿಸಿಯ ಸಂಗತಿಯಲ್ಲ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಸ್ಟೇಜ್ 1, ಸ್ಟೇಜ್ 2 ಎಂದು ಟರ್ಬೊದ ಒತ್ತಡ ಏರಿಸಿಕೊಂಡವರಿಗೆ ಮಾತ್ರ ಈ ಶೇಕಡಾವಾರು ಲೆಕ್ಕವೇ ಎಂಜಿನ್ನಿನ ಆಯುಸ್ಸು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು, ಎಥೆನಾಲಿಗೆ 9 ಪಟ್ಟು ಸಾಕು, ಶೇಕಡ 20 ಎಥೆನಾಲ್ ಬೆರೆತ ಇ20ಗೆ ಸುಮಾರು 13.5. ಸಾಧಾರಣ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಈ ವ್ಯತ್ಯಾಸವನ್ನು ಗಮನಿಸಿ ಇಂಧನ ಹೆಚ್ಚಿಸಿಕೊಳ್ಳುತ್ತದೆ. ಪೆಡಲ್ ಪೂರ್ತಿ ತುಳಿದಾಗ ಅನೇಕ ಎಂಜಿನ್‌ಗಳು ಸೆನ್ಸರಿನ ಮಾತು ಬಿಟ್ಟು ಬರೆದಿಟ್ಟ ಮ್ಯಾಪನ್ನೇ ನಂಬುತ್ತವೆ. ಆಗ ಇ0 ಅಥವಾ ಇ10ಕ್ಕೆ ಬರೆದ ಮ್ಯಾಪಿನಲ್ಲಿ ಇ20 ಹರಿದರೆ ಮಿಶ್ರಣ ತೆಳುವಾಗಿ ಬಿಸಿ ಏರುತ್ತದೆ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು: ಎಥೆನಾಲಿನ ಹೆಚ್ಚಿನ ಆಕ್ಟೇನ್ ನಂಬಿ ಇಗ್ನಿಷನ್ ಟೈಮಿಂಗ್ ಮುಂದೆ ತಂದಿದ್ದು, ಆ ದಿನ ಎಥೆನಾಲ್ ಕಡಿಮೆಯಿರುವ ಲೋಡು ಬಂದಿದ್ದರೆ ಎಂಜಿನ್ ನಾಕ್ ಮಾಡುತ್ತದೆ, ಅದು ಮುಂದುವರಿದರೆ ಪಿಸ್ಟನ್ನಿಗೇ ಪೆಟ್ಟು.

ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಶೇಕಡ 20ರ ಗುರಿ ಮೊದಲು 2030ಕ್ಕಿತ್ತು, ಅದನ್ನು 2025–26ಕ್ಕೆ ಎಳೆದು ತಂದರು. ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ಹಳೆಯ ವಾಹನಗಳಲ್ಲಿ ಇ20 ಬಳಸಿದರೆ ಮೈಲೇಜ್ ಶೇಕಡ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಹೇಳಿತ್ತು. ಇದನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಮೈಲೇಜ್ ಇಳಿಯಿತು, ಪಿಕಪ್ ಹೋಯಿತು ಎಂಬ ದೂರಿಗೆ ಎದುರು ಪಕ್ಷದವರು ತೋರಿಸುವ ಮೊದಲ ಕಾಗದ ಇದೇ ಆಗಿರುತ್ತದೆ.

ಇನ್ನು ಕಾನೂನಿನ ನಡುಗಂಬಕ್ಕೆ ಬರೋಣ. ಪೆಟ್ರೋಲ್ ಕಲಬೆರಕೆಯನ್ನು ನಿಯಂತ್ರಿಸುವುದು ಅಗತ್ಯ ವಸ್ತುಗಳ ಕಾಯ್ದೆ, 1955ರ ಅಡಿ ಹೊರಡಿಸಿದ 2005ರ ಆದೇಶ. ಪೆಟ್ರೋಲ್ ಮತ್ತು ಡೀಸೆಲ್ ಪೂರೈಕೆಯಲ್ಲಿನ ಅಕ್ರಮ ತಡೆಯಲೆಂದೇ ಅದು ಬಂದದ್ದು. ಅದರ ಪ್ರಕಾರ ಕಲಬೆರಕೆ ಎಂದರೆ ಅಕ್ರಮವಾಗಿ ಹೊರಗಿನ ವಸ್ತು ಸೇರಿಸಿ, ಭಾರತೀಯ ಮಾನಕ ಬ್ಯೂರೋ ಹಾಕಿಕೊಟ್ಟ ಗುಣಮಟ್ಟ ತಪ್ಪುವಂತೆ ಮಾಡುವುದು. ಎಥೆನಾಲನ್ನು ಸರ್ಕಾರದ ನೀತಿಯಂತೆ ತೈಲ ಕಂಪನಿಗಳೇ ಬೆರೆಸುತ್ತವೆ. ಇ20ಗೆ ಐಎಸ್ 17021 ಎಂಬ ಪ್ರತ್ಯೇಕ ಮಾನಕವೂ ಇದೆ. ಹಾಗಾಗಿ ‘ನನ್ನ ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದಾರೆ’ ಎಂದು ದೂರು ಬರೆದರೆ ಅದು ಮೊದಲ ಸಾಲಿನಲ್ಲೇ ಬಿದ್ದುಹೋಗುತ್ತದೆ. ಕಾನೂನು ಕೇಳುವ ಪ್ರಶ್ನೆ ‘ಮಾನಕಕ್ಕೆ ತಕ್ಕಂತಿದೆಯೇ’ ಎಂಬುದು. ನಿಮ್ಮ ಇಸಿಯು ಕೇಳುವ ಪ್ರಶ್ನೆ ‘ನಿಖರವಾಗಿ ಎಷ್ಟಿದೆ’ ಎಂಬುದು. ಎರಡನ್ನೂ ಒಂದೇ ಎಂದುಕೊಂಡವರ ಅರ್ಜಿಗಳು ನಿಲ್ಲುವುದಿಲ್ಲ. ದೂರಿಗೆ ಗಟ್ಟಿ ನೆಲೆ ಸಿಗುವುದು ಎಥೆನಾಲ್ ಪ್ರಮಾಣ ಮಾನಕದ ಮಿತಿ ಮೀರಿದಾಗ, ಪೆಟ್ರೋಲಿನಲ್ಲಿ ನೀರು ಸೇರಿದಾಗ, ಅಥವಾ ‘ಎಥೆನಾಲ್ ರಹಿತ’ ಎಂದು ಹೇಳಿ ಮಾರಿದ್ದರಲ್ಲಿ ಎಥೆನಾಲ್ ಸಿಕ್ಕಾಗ.

ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಮಾರಬೇಕು, ಬಂಕಿನಲ್ಲಿ ಎಥೆನಾಲ್ ಪ್ರಮಾಣದ ಫಲಕ ಹಾಕಬೇಕು ಎಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಕೆ. ವಿನೋದ್ ಚಂದ್ರನ್ ಅವರ ಪೀಠ ಅದು. ಅಲ್ಲಿಗೆ ಇ0 ಬೇಕೆಂದು ಹಟ ಹಿಡಿಯುವ ದಾರಿ ಸದ್ಯಕ್ಕೆ ಮುಚ್ಚಿದಂತೆಯೇ. ಆದರೆ ತಿಳಿದುಕೊಳ್ಳುವ ಹಕ್ಕು ಅದರಿಂದ ಅಳಿದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 2(9)ನೇ ಸೆಕ್ಷನ್ ಸರಕಿನ ಗುಣಮಟ್ಟ, ಪ್ರಮಾಣ, ಶಕ್ತಿ, ಶುದ್ಧತೆ, ಮಾನಕ ಮತ್ತು ಬೆಲೆಯನ್ನು ತಿಳಿಯುವುದು ಗ್ರಾಹಕರ ಹಕ್ಕು ಎಂದು ಬರೆದಿಟ್ಟಿದೆ. ಬೇಡ ಎನ್ನುವ ಆಯ್ಕೆ ಇಲ್ಲದ ವಸ್ತುವಿನ ವಿಷಯದಲ್ಲಿ ಈ ಹಕ್ಕಿನ ತೂಕ ಇನ್ನೂ ಹೆಚ್ಚಬೇಕು ಎಂಬುದು ನನ್ನ ಅಭಿಪ್ರಾಯ. ವಾಹನದ ಕಡೆಯಿಂದ ಈ ಕೆಲಸ ಆಗಲೇ ಆಗಿದೆ: ಎಷ್ಟು ಎಥೆನಾಲಿಗೆ ವಾಹನ ಹೊಂದುತ್ತದೆ ಎಂದು ತಯಾರಕರು ಎದ್ದು ಕಾಣುವ ಸ್ಟಿಕರ್ ಅಂಟಿಸಬೇಕು ಎಂದು 2021ರ ಮಾರ್ಚ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯದ ಅಧಿಸೂಚನೆ ಬಂತು. ಕಾರಿನ ಮೇಲೆ ಬರೆಯಲು ಆಗುವುದು ಪಂಪಿನ ಮೇಲೆ ಬರೆಯಲು ಏಕೆ ಆಗದು?

ಡೆನ್ಸಿಟಿ ಪರೀಕ್ಷೆಯ ಬಗ್ಗೆ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅದರ ಮೇಲೆ ಇಲ್ಲದ ಭರವಸೆ ಇಟ್ಟವರು ಬಹಳ. ಪೆಟ್ರೋಲಿನ ಡೆನ್ಸಿಟಿ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನ ಮೀಟರಿಗೆ 720ರಿಂದ 775 ಕಿಲೊ ಒಳಗಿರಬೇಕು. ಎಥೆನಾಲಿನದು 794ರ ಆಸುಪಾಸು. ಐದರಲ್ಲಿ ಒಂದು ಭಾಗ ಎಥೆನಾಲ್ ಸೇರಿದರೂ ಒಟ್ಟು ಅಂಕಿ ಕೆಲವು ಕಿಲೊ ಏರಿ, ಆ ವ್ಯಾಪ್ತಿಯೊಳಗೇ ಕೂರುತ್ತದೆ. ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. ಎಥೆನಾಲ್ ಬೆರೆಯುವುದು ಬಂಕಿನಲ್ಲಲ್ಲ, ಡಿಪೊದಲ್ಲಿ. ಬೆಂಗಳೂರಿನ ಮಟ್ಟಿಗೆ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯ ಟರ್ಮಿನಲ್‌ಗಳನ್ನು ನೆನೆಯಿರಿ. ಟ್ಯಾಂಕರ್ ಜೊತೆ ಬಂದ ಚಲನ್‌ನಲ್ಲಿರುವ ಡೆನ್ಸಿಟಿಗೂ ಬಂಕಿನಲ್ಲಿ ಅಳೆದದ್ದಕ್ಕೂ 3 ಕಿಲೊಗಿಂತ ಹೆಚ್ಚು ಅಂತರ ಇರಬಾರದು ಎಂಬುದು ತೈಲ ಕಂಪನಿಗಳ ಮಾರಾಟ ಶಿಸ್ತು ಮಾರ್ಗಸೂಚಿ. ಅಂತರ ಮೀರಿದರೆ ದಾರಿಯಲ್ಲೋ ಬಂಕಿನ ನೆಲದಡಿಯ ಟ್ಯಾಂಕಿನಲ್ಲೋ ಏನೋ ನಡೆದಿದೆ ಎಂದು ಅರ್ಥ. ಡಿಪೊದಲ್ಲಿ ಎಷ್ಟು ಬೆರೆಸಿದರು ಎಂಬುದು ಮಾತ್ರ ಇದರಿಂದ ಗೊತ್ತಾಗದು.

ಅದನ್ನು ತಿಳಿಯಲು ಟ್ಯೂನಿಂಗ್ ಗ್ಯಾರೇಜುಗಳಲ್ಲಿ ಎರಡು ದಾರಿಗಳಿವೆ. ಒಂದು ಫ್ಲೆಕ್ಸ್ ಫ್ಯೂಯೆಲ್ ಸೆನ್ಸರ್. ಇಂಧನದ ವಿದ್ಯುತ್ ಗುಣ ಅಳೆದು ಸಂಕೇತ ಕಳಿಸುತ್ತದೆ. ಬಳಕೆಯಲ್ಲಿರುವ ಸಾಮಾನ್ಯ ಸೆನ್ಸರ್‌ಗಳಲ್ಲಿ 50 ಹರ್ಟ್ಜ್ ಎಂದರೆ ಎಥೆನಾಲ್ ಸೊನ್ನೆ, 150 ಎಂದರೆ ಪೂರಾ ಎಥೆನಾಲ್. 70 ತೋರಿಸಿದರೆ ಇ20. ಇನ್ನೊಂದು ನೀರಿನ ಪರೀಕ್ಷೆ. ಗೆರೆ ಹಾಕಿದ ಗಾಜಿನ ಸಿಲಿಂಡರಿಗೆ 20 ಮಿಲಿ ನೀರು, 80 ಮಿಲಿ ಪೆಟ್ರೋಲ್ ಹಾಕಿ ಕಲಕಿ ಬಿಟ್ಟರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 20ರಿಂದ 36ರ ಹತ್ತಿರಕ್ಕೆ ಏರಿದರೆ, ಹೆಚ್ಚಾದ 16 ಮಿಲಿ 80ರಲ್ಲಿ ಶೇಕಡ 20 ಆಯಿತು. ಎಥೆನಾಲ್ ನೀರಿನಲ್ಲಿ ಬೆರೆತಾಗ ಗಾತ್ರ ತುಸು ಕುಗ್ಗುವುದರಿಂದ ಉತ್ತರ ಸ್ವಲ್ಪ ಕಡಿಮೆ ಬರುತ್ತದೆ. ಬಯಲಲ್ಲಿ, ಬೆಂಕಿ ಬೀಡಿಗಳಿಂದ ದೂರ ಮಾಡಬೇಕಾದ ಕೆಲಸ. ಬಂಕಿನ ಆವರಣದಲ್ಲಿ ಮಾತ್ರ ಮಾಡಲು ಹೋಗಬೇಡಿ, ಅಲ್ಲಿ ನಿಮ್ಮನ್ನು ತಡೆಯುವ ಹಕ್ಕು ಅವರಿಗಿದೆ.

ಮನೆಗೆ ಒಯ್ಯಬಹುದೇ? ಪೆಟ್ರೋಲಿಯಂ ಕಾಯ್ದೆ, 1934ರ 8ನೇ ಸೆಕ್ಷನ್ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಗಾಜಿನ ಪಾತ್ರೆಯಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ನೀರಿನ ಪ್ಲಾಸ್ಟಿಕ್ ಬಾಟಲಿ ಆ ಪಟ್ಟಿಯಲ್ಲಿಲ್ಲ, ಬಂಕಿನ ಹುಡುಗ ಕೊಡಲ್ಲ ಎಂದರೆ ಅವನ ಮೇಲೆ ರೇಗಬೇಡಿ.

ಇಲ್ಲಿ ಒಂದು ಎಚ್ಚರ. ನಿಮ್ಮ ಸಿಲಿಂಡರಿನ ಗೆರೆ, ಸೆನ್ಸರಿನ ಅಂಕಿ, ಮೊಬೈಲಿನ ವಿಡಿಯೊ ಎಲ್ಲವೂ ಅನುಮಾನ ಹುಟ್ಟಿಸಲು ಸಾಕು, ಸಾಬೀತು ಮಾಡಲು ಸಾಲದು. 2005ರ ಆದೇಶದಲ್ಲಿ ಸ್ಯಾಂಪಲ್ ತೆಗೆಯುವವರು ಯಾರು, ಹೇಗೆ ಎಂಬುದಕ್ಕೆ ಕ್ರಮವಿದೆ. ಅಧಿಕಾರ ಪಡೆದ ಅಧಿಕಾರಿ ಗಾಜಿನ ಅಥವಾ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ತೆಗೆದು, ಸಹಿ ಹಾಕಿ, ಮೊಹರು ಒತ್ತಬೇಕು. ಒಂದು ಪಾಲು ಡೀಲರಿಗೆ, ಒಂದು ಇಲಾಖೆಗೆ, ಒಂದು ಪ್ರಯೋಗಾಲಯಕ್ಕೆ. ಆದ್ದರಿಂದ ಅನುಮಾನ ಬಂದ ದಿನವೇ ದೂರು ದಾಖಲಾಗಬೇಕು. ಟ್ಯಾಂಕರ್ ಲೋಡಿನ ಸ್ಯಾಂಪಲ್ಲನ್ನು ಬಂಕಿನವರು ಎತ್ತಿಡುತ್ತಾರೆ, ಆದರೆ ಹೊಸ ಲೋಡುಗಳು ಬಂದ ಹಾಗೆ ಹಳೆಯದು ಹೊರಟುಹೋಗುತ್ತದೆ. ವಾರದ ನಂತರ ಹೋದರೆ ಹೋಲಿಸಲು ಅಲ್ಲಿ ಏನೂ ಇರುವುದಿಲ್ಲ.

ಬಿಲ್ ತಪ್ಪದೆ ತೆಗೆದುಕೊಳ್ಳಿ. ಅನೇಕ ಬಂಕುಗಳ ಬಿಲ್ಲಿನಲ್ಲಿ ಸಮಯ, ನಾಜಲ್ ಸಂಖ್ಯೆ, ಡೆನ್ಸಿಟಿ ಮೂರೂ ಅಚ್ಚಾಗುತ್ತವೆ. ಪ್ರತಿ ಬಂಕಿನಲ್ಲೂ ದೂರು ಪುಸ್ತಕ ಇರಲೇಬೇಕು. ಅದರಲ್ಲಿ ಬರೆದು ಆ ಪುಟದ ಫೋಟೊ ಹಿಡಿಯಿರಿ. ಅಲ್ಲಿಂದ ತೈಲ ಕಂಪನಿಯ ಗ್ರಾಹಕ ಸೇವೆಗೆ, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ಅಳತೆಯ ದೂರು ಮಾಪನಶಾಸ್ತ್ರ ಇಲಾಖೆಗೆ, ಗುಣಮಟ್ಟದ್ದು ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ. ಮಳೆಗಾಲದಲ್ಲಿ ನೀರು ಸೇರಿದ ಅನುಮಾನವಿದ್ದರಂತೂ ಗಂಟೆಗಳ ಲೆಕ್ಕ: ಎಥೆನಾಲ್ ನೀರನ್ನು ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಪ್ರತ್ಯೇಕ ಪದರವಾಗಿ ಕೂರುತ್ತದೆ. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಮುಖ್ಯಮಂತ್ರಿಯವರ ಬೆಂಗಾವಲಿನ 19 ವಾಹನಗಳು ನೀರು ಬೆರೆತ ಡೀಸೆಲ್ ಕುಡಿದು ನಿಂತಾಗ ಬಂಕಿಗೆ ತಕ್ಷಣವೇ ಬೀಗ ಬಿತ್ತು. ನಿಮ್ಮ ನನ್ನ ಕಾರಿಗೆ ಆ ವೇಗ ಸಿಗುವುದಿಲ್ಲ, ಅದಕ್ಕೇ ಕಾಗದ ಬೇಕು.

ಎಂಜಿನ್ ಹಾಳಾಗಿ ಪರಿಹಾರ ಕೇಳುವುದಾದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ಯಾವ ಆಯೋಗಕ್ಕೆ ಹೋಗಬೇಕು ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಸರಕಿಗೆ ಕೊಟ್ಟ ಬೆಲೆಯ ಮೇಲೆ ನಿಂತಿದೆ. ಕೆಲವು ಸಾವಿರದ ಪೆಟ್ರೋಲಿಗೆ ಲಕ್ಷಗಳ ಎಂಜಿನ್ ಹೋಗಿದ್ದರೂ ಜಿಲ್ಲಾ ಆಯೋಗವೇ ಸಾಕು. ಐದು ಲಕ್ಷದೊಳಗಿನ ಬೆಲೆಗೆ ಶುಲ್ಕವೂ ಇಲ್ಲ. ನೀವು ವಾಸಿಸುವ ಅಥವಾ ದುಡಿಯುವ ಜಾಗದಲ್ಲೇ, ಎರಡು ವರ್ಷದೊಳಗೆ, ಡೀಲರ್ ಮತ್ತು ತೈಲ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ದೂರು ಕೊಡಬಹುದು. ದೋಷ ತಿಳಿಯಲು ಪರೀಕ್ಷೆಯೇ ಬೇಕೆಂದಾದರೆ 38ನೇ ಸೆಕ್ಷನ್ ಪ್ರಕಾರ ಆಯೋಗವೇ ಸ್ಯಾಂಪಲ್ ಮೊಹರು ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸುತ್ತದೆ, ಖರ್ಚು ಮೊದಲು ದೂರುದಾರರದ್ದು. ಮಿಕ್ಸಿಗೆ ಹೇಳಿ ಮಾಡಿಸಿದ ನಿಯಮ ಇದು. ಆವಿಯಾಗುವ ಪೆಟ್ರೋಲಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ಮೊದಲೇ ಇಲಾಖೆಯ ಮೊಹರು ಬಿದ್ದಿರುವ ಸ್ಯಾಂಪಲ್ ಇದ್ದರೆ ಅರ್ಧ ಗೆದ್ದಂತೆ.

ಉಳಿದರ್ಧ ನಿಮ್ಮ ಕಾರಿನ ಕಥೆ. ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆ ರೀಮ್ಯಾಪ್ ಬಗ್ಗೆಯೇ ಇರುತ್ತದೆ. ಮೋಟಾರು ವಾಹನಗಳ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. 182ಎ(4) ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೆಕ್ಷನ್‌ನಲ್ಲಿ ಸಾಫ್ಟ್‌ವೇರ್ ಎಂಬ ಪದವಿಲ್ಲ ಎಂದು ಟ್ಯೂನರ್‌ಗಳು ಸಮಾಧಾನ ಹೇಳುತ್ತಾರೆ. ಎಂಜಿನ್ನಿನ ಶಕ್ತಿ ಮತ್ತು ಹೊಗೆಯ ಪ್ರಮಾಣ ಬದಲಾದ ಮೇಲೆ ಆ ಸಮಾಧಾನದ ಮೇಲೆ ಕೇಸು ಕಟ್ಟುವುದು ಜಾಣತನವಲ್ಲ.

ಹಾಗಿದ್ದರೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಣ್ಣಿಗೆ ದೋಷವಿರುವ ಸರಕು ಪೆಟ್ರೋಲು, ಕಾರಲ್ಲ. ಕಾರು ಟ್ಯೂನ್ ಆಗಿದೆ ಎಂಬ ಕಾರಣಕ್ಕೆ ನೀವು ಪೆಟ್ರೋಲಿನ ಗ್ರಾಹಕರಲ್ಲದೆ ಹೋಗುವುದಿಲ್ಲ. ಗುಣಮಟ್ಟ ಕೇಳುವ ಹಕ್ಕು ಪೂರ್ತಿ ಉಳಿಯುತ್ತದೆ. ಎಂಜಿನ್ ಹಾನಿಗೆ ಪೆಟ್ರೋಲೇ ಕಾರಣ ಎಂದು ತೋರಿಸುವ ಹೊರೆ ಮಾತ್ರ ಭಾರವಾಗುತ್ತದೆ. ಅದನ್ನು ಇನ್ನೂ ಭಾರ ಮಾಡಿಕೊಳ್ಳಬೇಡಿ: ಸರಕನ್ನು ಬಳಕೆದಾರರೇ ಮಾರ್ಪಡಿಸಿದ್ದರೆ ಮಾರಾಟಗಾರರ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲದು ಎಂದು 87ನೇ ಸೆಕ್ಷನ್ ಹೇಳುತ್ತದೆ. ಟ್ಯಾಂಕಿಗೆ ಆಕ್ಟೇನ್ ಬೂಸ್ಟರ್ ಸುರಿದವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬೇಕು.

ನೂರು ಆಕ್ಟೇನಿನ ದುಬಾರಿ ಪೆಟ್ರೋಲಿನ ಕಡೆ ತಿರುಗಿದವರು, ಅದರಲ್ಲಿ ಎಥೆನಾಲ್ ಇಲ್ಲ ಎಂಬ ಮಾತನ್ನು ಬಂಕಿನ ಕಟ್ಟೆಯ ಮೇಲೆ ಕೇಳಿ ನಂಬಬೇಡಿ. ಕಂಪನಿಗೆ ಇಮೇಲ್ ಮಾಡಿ ಬರಹದಲ್ಲಿ ತರಿಸಿಕೊಳ್ಳಿ. ಆ ಬರಹಕ್ಕೂ ಪರೀಕ್ಷೆಗೂ ತಾಳೆಯಾಗದಿದ್ದರೆ ದಾರಿತಪ್ಪಿಸುವ ಜಾಹೀರಾತಿನ ದೂರು ಅಲ್ಲಿ ಹುಟ್ಟುತ್ತದೆ.

ಎಥೆನಾಲ್ ಪ್ರಮಾಣವನ್ನು ಕಂಪನಿಯ ದಾಖಲೆಯಿಂದಲೇ ತಿಳಿಯಲು ಇನ್ನೊಂದು ದಾರಿಯಿದೆ. ಸರ್ಕಾರಿ ತೈಲ ಕಂಪನಿಗಳಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ, ಖಾಸಗಿ ಕಂಪನಿಗಳಿಗೆ ನೇರವಾಗಿ ಇಲ್ಲ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಆ ಕಾಯ್ದೆಯ 2(ಜೆ) ಸೆಕ್ಷನ್‌ನಲ್ಲಿ ‘ವಸ್ತುವಿನ ಪ್ರಮಾಣೀಕೃತ ಮಾದರಿ ಪಡೆಯುವುದು’ ಕೂಡ ಮಾಹಿತಿ ಹಕ್ಕಿನ ಭಾಗ ಎಂದಿದೆ. ರಸ್ತೆ ಕಾಮಗಾರಿಯ ಜಲ್ಲಿ ಸಿಮೆಂಟಿನ ವಿಷಯದಲ್ಲಿ ನೆನಪಾಗುವ ಈ ಸಾಲು ಪೆಟ್ರೋಲಿನ ವಿಷಯದಲ್ಲಿ ಹೊಳೆಯುವುದು ಕಡಿಮೆ. ಅರ್ಜಿಯಲ್ಲಿ ‘ಎಥೆನಾಲ್ ಏಕೆ ಬೆರೆಸುತ್ತೀರಿ’ ಎಂದು ಬರೆದರೆ ನೀತಿಯ ಭಾಷಣ ಬರುತ್ತದೆ. ಹೀಗೆ ಬರೆಯಿರಿ: ‘ಇಂಥ ದಿನಾಂಕದಂದು ಇಂಥ ಬಂಕಿಗೆ ಹೋದ ಪೆಟ್ರೋಲ್ ಲೋಡಿನ ಚಲನ್ ಪ್ರತಿ, ಆ ಲೋಡು ಹೊರಟ ಟರ್ಮಿನಲ್‌ನ ಅಂದಿನ ಪರೀಕ್ಷಾ ವರದಿ, ಅದರಲ್ಲಿ ದಾಖಲಾದ ಎಥೆನಾಲ್ ಶೇಕಡಾವಾರು ಪ್ರಮಾಣ ಮತ್ತು ಆಕ್ಟೇನ್ ಸಂಖ್ಯೆ, ಹಾಗೂ ಎತ್ತಿಟ್ಟ ಸ್ಯಾಂಪಲ್ಲಿನ ಪ್ರಮಾಣೀಕೃತ ಮಾದರಿ ಒದಗಿಸಿ.’ ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಮುಂದಿನ ಮೂವತ್ತು ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ.