ಧರ್ಮಯೋಧನು ಸಾಹಸಿಗರ ತಂಡವನ್ನು ಸೇರುವುದೇಕೆ?

ಕಥೆ ಕಟ್ಟುವವನಿಗೆ ಕಳ್ಳನ ಪಾತ್ರ ಸುಲಭವಾದದ್ದು. ಅವನು ಸಾಹಸಕ್ಕೆ ಹೊರಡುವುದೇಕೆಂದು ಯಾರೂ ಕೇಳುವುದಿಲ್ಲ; ಎಲ್ಲಿಯೋ ನಿಧಿಯಿದೆ ಎಂಬ ಒಂದು ಮಾತು ಅವನಿಗೆ ಸಾಕು. ಮಂತ್ರವಾದಿಗೆ ಹಳೆಯ ಗ್ರಂಥವೊಂದರ ಆಸೆ ತೋರಿಸಿದರೆ ಅವನೂ ಎದ್ದು ಬರುತ್ತಾನೆ. ಕೂಲಿಗೆ ಕಾದುವ ಭಟನಿಗೆ ಸಂಬಳವೇ ಕಾರಣ. ಆದರೆ ದೇವರ ಹೆಸರಿನಲ್ಲಿ ಖಡ್ಗ ಹಿಡಿದು, ಸತ್ಯ ದಾನ ದಯೆಗಳ ವ್ರತ ತೊಟ್ಟ ಧರ್ಮಯೋಧನು ಇಂಥವರೊಡನೆ ಒಂದೇ ದಾರಿಯಲ್ಲಿ ನಡೆಯುವುದೇಕೆ? ಅವನಿಗೆ ಹೊನ್ನು ಬೇಡ, ಕೀರ್ತಿಯೂ ಬೇಡ. ಅವನ ಗುರು, ಅವನ ಗುಡಿ, ಅವನ ಕರ್ತವ್ಯ ಎಲ್ಲವೂ ಊರಿನಲ್ಲಿಯೇ ಇವೆ. ಹೀಗಿರಲು ಅವನನ್ನು ಹೊಸ್ತಿಲು ದಾಟಿಸುವ ಪೂರ್ವಕಥೆಯನ್ನು ಹುಡುಕುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಪಾಶ್ಚಾತ್ಯ ಸಾಹಿತ್ಯದಲ್ಲಿ ಇಂಥ ಯೋಧನಿಗೆ 'ಪ್ಯಾಲಡಿನ್' ಎಂದು ಹೆಸರು. 'ಅರಮನೆಗೆ ಸೇರಿದವನು' ಎಂಬ ಅರ್ಥದ ಲ್ಯಾಟಿನ್ ಶಬ್ದವೇ ಇದರ ಮೂಲ. ಫ್ರಾಂಕರ ದೊರೆ ಶಾರ್ಲಮೇನನ ಬಳಿಯಿದ್ದ ಹನ್ನೆರಡು ಮಂದಿ ವೀರರಿಗೆ ಈ ಹೆಸರು ನಿಂತಿತು. 778ರಲ್ಲಿ ರೋನ್ಸ್‌ವೋ ಕಣಿವೆಯಲ್ಲಿ ಮಡಿದ ರೋಲಾಂಡನು ಅವರಲ್ಲಿ ಅಗ್ರಗಣ್ಯನು. ಈ ವೀರರು ಒಂದುಗೂಡಿದ್ದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ. ಒಡೆಯನ ಋಣವೇ ಅವರನ್ನು ಕಟ್ಟಿತ್ತು. ಕರ್ಣನು ದುರ್ಯೋಧನನನ್ನು ಬಿಡಲಾರದೆ ಹೋದದ್ದೇಕೆಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲವಷ್ಟೆ. ಒಡೆಯನಿಲ್ಲದೆ, ದಾರಿಯಲ್ಲಿ ಕಲೆತ ಜನರ ತಂಡದಲ್ಲಿ ಧರ್ಮಯೋಧನನ್ನು ನಿಲ್ಲಿಸಿದಾಗಲೇ ತೊಡಕು ಹುಟ್ಟುವುದು.

ಈ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣುವುದು ಒಂದು ಆಟದಲ್ಲಿ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಜನ ಕೂಡಿ ಕುಳಿತು ಬಾಯಿಮಾತಿನಲ್ಲಿಯೇ ಕಥೆ ನಡೆಸುವ ಆಟವಿದು. ಒಬ್ಬನು ಸೂತ್ರಧಾರನಾಗಿ ಊರು, ಕಾಡು, ಗುಹೆ, ಶತ್ರುಗಳನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಏನು ಮಾಡುವೆವೆಂದು ಹೇಳುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಇಲ್ಲಿ ಒಬ್ಬನ ಗೆಲುವು ಇನ್ನೊಬ್ಬನ ಸೋಲಲ್ಲ. ತಂಡಕ್ಕೆ ತಂಡವೇ ಏಳಬೇಕು, ಇಲ್ಲವೆ ಬೀಳಬೇಕು.

1975ರ ಅನುಬಂಧವೊಂದರಲ್ಲಿ ಪ್ಯಾಲಡಿನ್ ಈ ಆಟಕ್ಕೆ ಕಾಲಿಟ್ಟನು. 1978ರ ಪುಸ್ತಕದಲ್ಲಿ ಅವನ ನಿಯಮಗಳು ಇನ್ನೂ ಬಿಗಿಯಾದವು. ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲನ್ನು ಅವನು ದಾನ ಮಾಡಬೇಕು. ಹತ್ತಕ್ಕಿಂತ ಹೆಚ್ಚು ಮಾಂತ್ರಿಕ ವಸ್ತುಗಳನ್ನು ಇಟ್ಟುಕೊಳ್ಳಕೂಡದು. ಸಜ್ಜನರ ಸಹವಾಸವನ್ನೇ ಮಾಡಬೇಕು. ಒಳ್ಳೆಯವರೂ ಅಲ್ಲದ ಕೆಟ್ಟವರೂ ಅಲ್ಲದ ಜನ ತಂಡದಲ್ಲಿದ್ದರೆ ಒಂದು ಯಾತ್ರೆಯ ಮಟ್ಟಿಗೆ ಮಾತ್ರ, ಅದೂ ಧರ್ಮಕ್ಕೆ ಒಳಿತಾಗುವ ಗುರಿಯಿದ್ದರೆ ಮಾತ್ರ, ಅವನು ಅವರನ್ನು ಕೂಡಬಹುದು. ಆ ಗುರಿ ಯಾವುದೆಂಬುದನ್ನು ಮಾತ್ರ ನಿಯಮವು ಆಡುವವನ ಕಲ್ಪನೆಗೇ ಬಿಟ್ಟಿತು. 2014ರ ಆವೃತ್ತಿಯಲ್ಲಿ ಸಹವಾಸದ ಈ ಕಟ್ಟು ಇಲ್ಲ. ಅಲ್ಲಿ ಪ್ಯಾಲಡಿನನನ್ನು ಗುರುತಿಸುವುದು ಅವನು ತೊಟ್ಟ ಪ್ರತಿಜ್ಞೆ. ನಿಯಮ ಸಡಿಲವಾದರೂ ಪ್ರಶ್ನೆ ಸಡಿಲವಾಗಲಿಲ್ಲ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಭಾನುವಾರಗಳಂದು ಐದು ಮಂದಿ ಈ ಆಟಕ್ಕೆ ಕೂಡುತ್ತೇವೆ. ಸೂತ್ರಧಾರನ ಕೆಲಸ ನನ್ನದು. ಕಳೆದ ವರ್ಷ ಗೆಳೆಯನೊಬ್ಬನು ಧರ್ಮಯೋಧನ ಪಾತ್ರವನ್ನು ಆರಿಸಿಕೊಂಡನು. ತಂಡದಲ್ಲಿ ಕಳ್ಳನಿರುವುದನ್ನು ಕಂಡೊಡನೆ, "ಇವನಿರುವ ದಾರಿಯಲ್ಲಿ ನಾನು ಕಾಲಿಡಲಾರೆ" ಎಂದು ಛತ್ರದ ಜಗಲಿಯಲ್ಲಿ ಕುಳಿತುಬಿಟ್ಟನು. ಎರಡು ಗಂಟೆ ಕಥೆ ಮುಂದೆ ಹೋಗಲಿಲ್ಲ. ಕೊನೆಗೆ ಕಳ್ಳನ ಪಾತ್ರಧಾರಿ, "ಹಾಗಾದರೆ ನೀನೊಬ್ಬನೇ ಧರ್ಮ ಕಾಯಪ್ಪ" ಎಂದು ದಾಳವಿಟ್ಟು ಎದ್ದು ಹೋದನು. ಮಾತು ಆಟದ್ದಾದರೂ ನೋವು ಆಟದ್ದಾಗಿರಲಿಲ್ಲ. ಮುಂದೆ ಹದಿನೈದು ದಿನ ಅವರಿಬ್ಬರೂ ಊಟದ ಪಂಕ್ತಿಯಲ್ಲಿ ದೂರ ದೂರ ಕುಳಿತರು. ಪೂರ್ವಕಥೆಯ ವಿಚಾರ ಬರಿಯ ಅಲಂಕಾರದ ವಿಚಾರವಲ್ಲವೆಂದು ನನಗೆ ತೋರಿದ್ದು ಆಗಲೇ.

ಸಾಮಾನ್ಯವಾಗಿ ಮೊದಲು ಹೊಳೆಯುವ ಕಾರಣಗಳು ಮೂರು. "ದೇವರು ಕನಸಿನಲ್ಲಿ ಆಜ್ಞಾಪಿಸಿದನು" ಎಂಬುದು ಮೊದಲನೆಯದು. ಇದು ಬಾಗಿಲನ್ನು ತೆರೆಯುತ್ತದೆಯೇ ಹೊರತು ಒಳಗಿನ ಮನುಷ್ಯನನ್ನು ತೋರಿಸುವುದಿಲ್ಲ. ಆಜ್ಞೆಯನ್ನು ಯಾರಿಗೆ ಬೇಕಾದರೂ ಕೊಡಬಹುದಲ್ಲವೆ? "ದುಷ್ಟರನ್ನು ಶಿಕ್ಷಿಸುವುದು ಅವನ ಕರ್ತವ್ಯ" ಎಂಬುದು ಎರಡನೆಯದು. ಕರ್ತವ್ಯವು ಹೊರಡುವುದಕ್ಕೆ ಕಾರಣವಾಗಬಹುದು, ಈ ಜನರೊಡನೆಯೇ ಹೊರಡುವುದಕ್ಕೆ ಆಗದು. "ಸಂಗಡಿಗರನ್ನು ತಿದ್ದಲು ಬಂದಿದ್ದಾನೆ" ಎಂಬುದು ಮೂರನೆಯದು. ಮೂರರಲ್ಲಿಯೂ ಕೆಟ್ಟದ್ದು ಇದೇ. ತಿದ್ದಲು ಬಂದವನು ಎತ್ತರದ ಪೀಠದಲ್ಲಿ ಕುಳಿತಿರುತ್ತಾನೆ. ಅವನ ಪಕ್ಕದಲ್ಲಿ ಯಾರೂ ನೆಮ್ಮದಿಯಿಂದ ಊಟ ಮಾಡಲಾರರು. ಮೂರರಲ್ಲಿಯೂ ಕೊರತೆ ಒಂದೇ: ಧರ್ಮಯೋಧನಿಗೆ ಸಂಗಡಿಗರು ಬೇಕೇ ಆಗಿಲ್ಲ.

ಹಳೆಯ ಕಥೆಗಳು ಈ ಕೊರತೆಯನ್ನು ಚೆನ್ನಾಗಿ ಬಲ್ಲವು. ಥಾಮಸ್ ಮ್ಯಾಲರಿಯು ಬರೆದು, 1485ರಲ್ಲಿ ಕ್ಯಾಕ್ಸ್‌ಟನ್ ಅಚ್ಚುಮಾಡಿದ ಆರ್ಥರ್ ದೊರೆಯ ಕಥಾಗ್ರಂಥದಲ್ಲಿ ಗ್ಯಾಲಹಾಡ್ ಎಂಬ ನಿಷ್ಕಳಂಕ ವೀರನಿದ್ದಾನೆ. ದುಂಡುಮೇಜಿನ ಬಳಿ ಯಾರೂ ಕೂರಲಾಗದ ಅಪಾಯದ ಪೀಠದಲ್ಲಿ ಅವನು ನಿರ್ಭಯನಾಗಿ ಕುಳಿತನು. 'ಗ್ರೇಲ್' ಎಂಬ ಪವಿತ್ರಪಾತ್ರೆಯನ್ನು ಅರಸುತ್ತ ಹೊರಟು, ಅದರ ರಹಸ್ಯವನ್ನು ಕಂಡು, ಸಾರಾಸ್ ಎಂಬ ನಗರದಲ್ಲಿ ತಾನೇ ಬೇಡಿ ಮರಣವನ್ನು ಪಡೆದನು. ಅವನ ಸಂಗಾತಿಗಳಲ್ಲಿ ಆಸ್ಥಾನಕ್ಕೆ ಮರಳಿದವನು ಬೋರ್ಸ್ ಒಬ್ಬನೇ. ದೋಷವಿಲ್ಲದ ಧರ್ಮಯೋಧನನ್ನು ತಂಡದಲ್ಲಿ ಹಿಡಿದಿಡುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೆ ಅದೇ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಗ್ಯಾಲಹಾಡನಿಗಾಗಿ ಕಾದಿದ್ದ ಅದ್ಭುತವಾದ ಖಡ್ಗಕ್ಕೆ ಸರಿಯಾದ ಪಟ್ಟಿಯಿರಲಿಲ್ಲ. ಹೀನವಾದ ನಾರಿನ ಪಟ್ಟಿಯಿತ್ತು. ಅದನ್ನು ಕನ್ಯೆಯೊಬ್ಬಳೇ ಬದಲಿಸಬೇಕಾಗಿತ್ತು. ಪರ್ಸಿವಲ್ ಎಂಬ ವೀರನ ಸೋದರಿ ತನ್ನ ತಲೆಗೂದಲನ್ನೇ ಹೆಣೆದು ಪಟ್ಟಿಮಾಡಿ ಆ ಖಡ್ಗವನ್ನು ಅವನ ನಡುವಿಗೆ ಕಟ್ಟಿದಳು. ಲೋಕದಲ್ಲಿ ಯಾರ ಹಂಗೂ ಇಲ್ಲದವನೂ ಒಂದು ಪಟ್ಟಿಗಾಗಿ ಇನ್ನೊಬ್ಬರ ಕೈ ನೋಡಬೇಕಾಯಿತು. ಕಥೆಗಾರನು ಹಿಡಿಯಬೇಕಾದ ಎಳೆ ಇದೇ.

ಈ ಎಳೆಯನ್ನು ಪೂರ್ತಿಯಾಗಿ ನೂತವನು ಎಡ್ಮಂಡ್ ಸ್ಪೆನ್ಸರ್ ಕವಿ. ಅವನ 'ಫೇರಿ ಕ್ವೀನ್' ಮಹಾಕಾವ್ಯದ ಮೊದಲ ಮೂರು ಕಾಂಡಗಳು 1590ರಲ್ಲಿ ಪ್ರಕಟವಾದವು. ಕಾವ್ಯವು ತೆರೆಯುವಾಗ ಕೆಂಪು ಶಿಲುಬೆಯ ಚಿಹ್ನೆ ಧರಿಸಿದ ವೀರನೊಬ್ಬನು ಬಯಲಿನಲ್ಲಿ ಕುದುರೆಯೇರಿ ಹೋಗುತ್ತಿದ್ದಾನೆ. ಅವನ ಕವಚದ ತುಂಬ ಹಳೆಯ ಪೆಟ್ಟಿನ ಗುರುತುಗಳಿವೆ. ಅವನಾದರೋ ಅದುವರೆಗೆ ಒಂದು ಯುದ್ಧವನ್ನೂ ಮಾಡಿದವನಲ್ಲ. ಬಳಿಯಲ್ಲಿ ಬಿಳಿಯ ಕತ್ತೆಯ ಮೇಲೆ ಊನಾ ಎಂಬ ಕನ್ಯೆ. ಹಿಂದೆ ಗಂಟುಮೂಟೆ ಹೊತ್ತ ಕುಳ್ಳನೊಬ್ಬ. ಇವರು ಹೀಗೆ ಕೂಡಿದ್ದು ಹೇಗೆಂದು ಕವಿ ಅಲ್ಲಿ ಹೇಳುವುದಿಲ್ಲ. ಆ ಪೂರ್ವಕಥೆಯಿರುವುದು ಕಾವ್ಯದ ಜೊತೆ ಅಚ್ಚಾದ, ಸರ್ ವಾಲ್ಟರ್ ರ‍್ಯಾಲೆಗೆ ಕವಿ ಬರೆದ ಪತ್ರದಲ್ಲಿ. ಅದನ್ನು ಹನ್ನೆರಡನೆಯ ಕಾಂಡದಲ್ಲಿ ಹೇಳಬೇಕೆಂದು ಅವನ ಸಂಕಲ್ಪವಿತ್ತು. 1599ರಲ್ಲಿ ಕವಿ ತೀರಿಕೊಂಡನು. ಆ ಕಾಂಡ ಬರಲೇ ಇಲ್ಲ.

ಪತ್ರದಲ್ಲಿರುವ ಕಥೆ ಇದು. ರಾಣಿಯ ಉತ್ಸವದ ದಿನ ಒರಟಾದ ಹಳ್ಳಿಗನೊಬ್ಬನು ಬಂದು, ಉತ್ಸವ ಮುಗಿಯುವುದರೊಳಗೆ ಬರುವ ಯಾವುದಾದರೂ ಒಂದು ಸಾಹಸವನ್ನು ತನಗೆ ಕೊಡಬೇಕೆಂದು ವರ ಬೇಡಿದನು. ವರ ದೊರೆಯಿತು, ಆದರೆ ಮೇಲಿನ ಆಸನಕ್ಕೆ ಯೋಗ್ಯನಲ್ಲದ ಅವನು ನೆಲದ ಮೇಲೆಯೇ ಕುಳಿತನು. ಆಗ ಶೋಕದ ಉಡುಪಿನಲ್ಲಿ ಊನಾ ಬಂದಳು. ಘಟಸರ್ಪವೊಂದು ತನ್ನ ತಂದೆತಾಯಿಗಳನ್ನು ಹಿತ್ತಾಳೆಯ ಕೋಟೆಯಲ್ಲಿ ಅನೇಕ ವರ್ಷಗಳಿಂದ ಸೆರೆಯಿಟ್ಟಿದೆಯೆಂದು ಮೊರೆಯಿಟ್ಟಳು. ಹಳ್ಳಿಗನು ತಾನು ಹೋಗುವೆನೆಂದು ಎದ್ದನು. ರಾಣಿ ಬೆರಗಾದಳು, ಊನಾ ಬೇಡವೆಂದಳು. ಅವನು ಬಿಡಲಿಲ್ಲ. ತಾನು ತಂದ ಕವಚ ಮೈಗೆ ಹೊಂದಿದರೆ ಮಾತ್ರ ಕಾರ್ಯ ಸಾಧ್ಯವೆಂದು ಅವಳು ಹೇಳಿದಳು. ತೊಟ್ಟನು, ಹೊಂದಿತು. ಇಡೀ ಸಭೆಯಲ್ಲಿ ಅವನೇ ಸುಂದರನಾಗಿ ಕಂಡನು.

ಇದರಲ್ಲಿ ಪೂರ್ವಕಥೆಗೆ ಬೇಕಾದ ಲಕ್ಷಣಗಳೆಲ್ಲ ಇವೆಯೆಂದು ನಾನು ಭಾವಿಸುತ್ತೇನೆ. ಒಂದನೆಯದಾಗಿ, ಅವನಲ್ಲಿಲ್ಲದ ಒಂದು ವಸ್ತು ಇನ್ನೊಬ್ಬರ ಕೈಯಲ್ಲಿದೆ. ಕವಚವನ್ನು ತಂದವಳು ಊನಾ, ದಾರಿ ಬಲ್ಲವಳೂ ಅವಳೇ. ಎರಡನೆಯದಾಗಿ, ಅವನನ್ನು ಕಟ್ಟಿದ್ದು ಲೋಕಕಲ್ಯಾಣದಂಥ ದೊಡ್ಡ ಮಾತಲ್ಲ. ಒಬ್ಬಳ ಎದುರು ಕೊಟ್ಟ ಒಂದು ಮಾತು. ಮೂರನೆಯದಾಗಿ, ಅವನು ಪೂರ್ಣನಲ್ಲ. ಮಾಯಾವಿಯ ಮೋಸಕ್ಕೆ ಬಿದ್ದು ಊನಾಳನ್ನೇ ತೊರೆಯುತ್ತಾನೆ. ದೈತ್ಯನ ಸೆರೆಮನೆಯಲ್ಲಿ ಕೊಳೆಯುತ್ತಾನೆ. ಅವನ ಗತಿಯನ್ನು ಕುಳ್ಳನು ಊನಾಳಿಗೆ ತಿಳಿಸಿ, ಅವಳು ಆರ್ಥರನನ್ನು ಕರೆತಂದಾಗಲೇ ಅವನಿಗೆ ಬಿಡುಗಡೆ. ಗಂಟು ಹೊರುವ ಕುಳ್ಳನಿಲ್ಲದಿದ್ದರೆ ಈ ಮಹಾವೀರನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕನೆಯದಾಗಿ, ಅವನ ಹುಟ್ಟಿನ ಗುಟ್ಟು ಮೊದಲಲ್ಲಿ ಅವನಿಗೇ ತಿಳಿಯದು. ರಾಜವಂಶದ ಕೂಸಾದ ಅವನನ್ನು ಕದ್ದು ನೇಗಿಲ ಸಾಲಿನಲ್ಲಿ ಬಿಟ್ಟಿದ್ದರು, ಉಳುವವನೊಬ್ಬನು ಎತ್ತಿ ಸಾಕಿದನು ಎಂಬುದು ಹತ್ತನೆಯ ಸರ್ಗದಲ್ಲಿ ವೃದ್ಧ ತಪಸ್ವಿಯ ಬಾಯಿಂದ ಹೊರಬೀಳುತ್ತದೆ. ಸೀತೆಯ ಕಥೆ ಬಲ್ಲ ನಮಗೆ ಆ ನೇಗಿಲ ಸಾಲು ಅಪರಿಚಿತವೇನಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪೋಲ್ ಆಂಡರ್ಸನ್ ಎಂಬ ಅಮೆರಿಕದ ಕಾದಂಬರಿಕಾರನು ಇದೇ ಹಾದಿ ತುಳಿದನು. 1961ರಲ್ಲಿ ಪುಸ್ತಕರೂಪದಲ್ಲಿ ಬಂದ 'ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್' ಕಾದಂಬರಿಯಲ್ಲಿ ಹೋಲ್ಗರ್ ಎಂಬ ಡೇನಿಷ್ ಎಂಜಿನಿಯರು ಬೇರೊಂದು ಲೋಕದಲ್ಲಿ ಕಣ್ತೆರೆಯುತ್ತಾನೆ. ಅಲ್ಲಿ ಅವನ ಅಳತೆಯದೇ ಕವಚ, ಅವನಿಗಾಗಿಯೇ ನಿಂತ ಕುದುರೆ. ತಾನು ಶಾರ್ಲಮೇನನ ವೀರರಲ್ಲೊಬ್ಬನೆಂಬುದು ಅವನಿಗೆ ಮರೆತಿದೆ. ಲೋಕದ ದಾರಿಯೂ ಗೊತ್ತಿಲ್ಲ. ಆದ್ದರಿಂದ ಒಬ್ಬ ಕುಳ್ಳನೂ ಹಂಸರೂಪ ತಾಳಬಲ್ಲ ತರುಣಿಯೂ ಅವನಿಗೆ ಸಂಗಡಿಗರಾದದ್ದು ಅವನ ದಯೆಯಿಂದಲ್ಲ, ಅವನ ಅಗತ್ಯದಿಂದ. 1979ರಲ್ಲಿ ಗೈಗ್ಯಾಕ್ಸ್ ತನ್ನ ಆಟಕ್ಕೆ ಸ್ಫೂರ್ತಿಯಾದ ಪುಸ್ತಕಗಳ ಪಟ್ಟಿ ಕೊಟ್ಟಾಗ ಈ ಕಾದಂಬರಿಯನ್ನೂ ಹೆಸರಿಸಿದನು.

ಇನ್ನು ಪ್ರಯೋಗಕ್ಕೆ ಬರೋಣ. ಮೇಲೆ ಹೇಳಿದ ಗೆಳೆಯನೊಡನೆ ಕುಳಿತು ನಾನು ಕಟ್ಟಿದ ಪೂರ್ವಕಥೆ ಹೀಗಿದೆ. ಗಡಿಯ ದೇಗುಲವೊಂದರ ಬಾಗಿಲು ಕಾಯುವುದು ಆ ಯೋಧನ ವ್ರತ. ಒಂದು ರಾತ್ರಿ ಕೆಳಗಿನ ಹಳ್ಳಿಗೆ ಮನುಷ್ಯರನ್ನು ಹಿಡಿದು ಮಾರುವವರು ಲಗ್ಗೆಯಿಟ್ಟರು. ಬಾಗಿಲು ಬಿಡಕೂಡದೆಂದು ಗುರುವಿನ ಆಜ್ಞೆ, ಅವನು ಬಿಡಲಿಲ್ಲ. ಬೆಳಗಾದಾಗ ಹದಿನೇಳು ಜನ ಕಾಣೆಯಾಗಿದ್ದರು. ಯಾರೂ ಅವನನ್ನು ದೂಷಿಸಲಿಲ್ಲ, ಗುರುವಂತೂ ಹೊಗಳಿದನು. ಆ ಹೊಗಳಿಕೆಯನ್ನು ಅವನು ತಾಳಲಾರದೆ ಹೋದನು. ಅಂದಿನಿಂದ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ದೇವರ ನಾಮದ ಜೊತೆಗೆ ಆ ಹದಿನೇಳು ಹೆಸರುಗಳನ್ನೂ ಹೇಳುತ್ತಾನೆ. ಸೆರೆಯಾದವರನ್ನು ಸಾಗಿಸುವ ಕಳ್ಳದಾರಿಗಳು ಅವನಿಗೆ ತಿಳಿಯವು. ಬಲ್ಲವನು ಒಬ್ಬನೇ: ಬಾಲ್ಯದಲ್ಲಿ ಅದೇ ದುಷ್ಟರ ಕೈಗೆ ಸಿಕ್ಕು ಅವರ ಹೊರೆ ಹೊತ್ತು ಬೆಳೆದ ಕಳ್ಳ. "ದಾರಿ ತೋರಿಸುತ್ತೇನೆ, ಆದರೆ ನನ್ನ ಹಿಂದಿನದನ್ನು ಯಾವ ಅಧಿಕಾರಿಗೂ ಹೇಳಕೂಡದು" ಎಂಬುದು ಅವನ ಷರತ್ತು. ಯೋಧನು ಮಾತು ಕೊಡುತ್ತಾನೆ.

ಈಗ ನೋಡಿ: ಅವನಿಗೆ ಕಳ್ಳನು ಬೇಕು. ಕೊಟ್ಟ ಮಾತಿಗೂ ಸತ್ಯದ ವ್ರತಕ್ಕೂ ಮುಂದೆ ಎಲ್ಲಿಯೋ ಘರ್ಷಣೆ ಕಾದಿದೆ. ಹದಿನೇಳು ಹೆಸರುಗಳು ಒಂದು ಯಾತ್ರೆಯಲ್ಲಿ ಮುಗಿಯುವುದಿಲ್ಲವಾದ್ದರಿಂದ ಕಥೆಗೆ ದಾರಿಯೂ ಉದ್ದವಾಗಿದೆ. ಇದನ್ನು ಕೇಳಿದ ಕಳ್ಳನ ಪಾತ್ರಧಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹದಿನೇಳರಲ್ಲಿ ಒಂದು ಹೆಸರು ತನ್ನ ತಂಗಿಯದಾಗಿರಲಿ ಎಂದನು. ನಾನು ಹಾಗೆಯೇ ಬರೆದುಕೊಂಡೆನು.

ಧರ್ಮವು ಮಠದೊಳಗೆ ಇರುವಾಗ ಅದಕ್ಕೆ ಪರೀಕ್ಷೆಯಿಲ್ಲ. ತನ್ನಂತಲ್ಲದವರ ನಡುವೆ, ಅವರ ಉಪಕಾರ ಪಡೆದು, ಅವರಿಗೆ ಮಾತು ಕೊಟ್ಟು ನಡೆಯುವಾಗಲೇ ಅದು ಎಷ್ಟು ಗಟ್ಟಿಯೆಂದು ತಿಳಿಯುವುದು. ಆದುದರಿಂದ ಇಂಥ ಪಾತ್ರವನ್ನು ಬರೆಯುವ ಅಥವಾ ಆಡುವ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಯೋಧನ ಸದ್ಗುಣಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಅವನು ಒಬ್ಬನೇ ಮಾಡಲಾರದ ಕೆಲಸ ಯಾವುದು, ಅದಕ್ಕೆ ಬೇಕಾದದ್ದು ತಂಡದಲ್ಲಿ ಯಾರ ಕೈಯಲ್ಲಿದೆ, ಅದನ್ನು ಪಡೆಯಲು ಅವನು ಏನು ಮಾತು ಕೊಟ್ಟನು ಎಂದು ಕೇಳಿಕೊಳ್ಳಿ. ಉತ್ತರ ದೊರೆತ ಮೇಲೆ ಅವನನ್ನು ಛತ್ರದ ಜಗಲಿಯಿಂದ ಎಬ್ಬಿಸುವ ಕೆಲಸ ನಿಮ್ಮದಲ್ಲ. ಅವನೇ ಎದ್ದು, ಉಳಿದವರು ಇನ್ನೂ ಏಕೆ ಹೊರಡಲಿಲ್ಲವೆಂದು ವಿಚಾರಿಸುತ್ತಾನೆ.